ಎಲೆನ್ ಟೆರಿಯ ಕಸುಬು

ವಿಕ್ಟೋರಿಯಾ ಕಾಲದ ಇಂಗ್ಲಿಷ್ ನಟಿ ಎಲೆನ್ ಟೆರಿಯ ಬಗ್ಗೆ ಅಂದಿನ ವಿಮರ್ಶಕರು ಬರೆದದ್ದರಲ್ಲಿ ಮತ್ತೆ ಮತ್ತೆ ಸಿಗುವುದು ಒಂದೇ ಮಾತು: ಮೋಹಕತೆ. ಆಕೆ ರಂಗದ ಮೇಲೆ ಬಂದು ನಿಂತರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂಬ ಧಾಟಿ. ಹೊಗಳಿಕೆಯೇನೋ ಹೌದು, ಆದರೆ ಅದರಲ್ಲಿ ಆಕೆಯ ಕೆಲಸ ಕಾಣುವುದಿಲ್ಲ. ತಾನಾಗಿ ಆದದ್ದು ಯಾವುದೂ ಇಲ್ಲ. ಒಂಬತ್ತನೇ ವಯಸ್ಸಿಗೆ ಶುರುವಾದ ಮೈ ತಾಲೀಮು, ಬಟ್ಟೆಯ ಮೇಲಿನ ಹಿಡಿತ, ಬೆಳಕಿನ ಲೆಕ್ಕಾಚಾರ, ಸಂಭಾಷಣೆಯ ಪ್ರತಿಯ ಅಂಚಿನಲ್ಲಿ ಗೀಚಿಕೊಂಡ ಟಿಪ್ಪಣಿ, ಇವುಗಳ ಮೊತ್ತವನ್ನೇ ಜನ ಮೋಹಕತೆ ಎಂದರು.

ಟೆರಿ ಹುಟ್ಟಿದ್ದು 1847ರ ಫೆಬ್ರವರಿ 27ರಂದು, ಕೊವೆಂಟ್ರಿಯಲ್ಲಿ. ಅಪ್ಪ ಬೆನ್, ಅಮ್ಮ ಸಾರಾ ಇಬ್ಬರೂ ಊರೂರು ಸುತ್ತುವ ನಾಟಕದವರು. ಅಕ್ಕ ಕೇಟ್, ತಂಗಿಯರಾದ ಮರಿಯನ್ ಮತ್ತು ಫ್ಲಾರೆನ್ಸ್, ತಮ್ಮ ಫ್ರೆಡ್ ಎಲ್ಲರೂ ರಂಗಕ್ಕೆ ಬಂದವರೇ. ಇಪ್ಪತ್ತನೇ ಶತಮಾನದ ದೊಡ್ಡ ನಟ ಜಾನ್ ಗಿಲ್ಗುಡ್ ಇದೇ ಕೇಟ್‌ಳ ಮೊಮ್ಮಗ. ಎಲೆನ್ ಶಾಲೆಗೆ ಹೋದವಳಲ್ಲ. ಅವಳ ಶಾಲೆ ಲಂಡನ್ನಿನ ಪ್ರಿನ್ಸೆಸ್ ಥಿಯೇಟರ್, ಮೇಷ್ಟ್ರು ಅದರ ಯಜಮಾನ ಚಾರ್ಲ್ಸ್ ಕೀನ್ ಮತ್ತು ಅವನ ಹೆಂಡತಿ. 1856ರ ಏಪ್ರಿಲ್ 28ರಂದು ಶೇಕ್ಸ್‌ಪಿಯರನ 'ದಿ ವಿಂಟರ್ಸ್ ಟೇಲ್' ನಾಟಕದ ರಾಜಕುಮಾರ ಮಮಿಲಿಯಸ್ ಆಗಿ ಮೊದಲ ಪ್ರವೇಶ. ವಿಕ್ಟೋರಿಯಾ ರಾಣಿ ಗಂಡನ ಜೊತೆ ನೋಡಲು ಬಂದಿದ್ದಳು. ಹುಡುಗಿಯ ಕೈಗೆ ಒಂದು ಆಟಿಕೆ ಗಾಡಿ ಕೊಟ್ಟಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಪ್ರಾಚೀನ ಆಟಿಕೆ ನೋಡಿ ಮಾಡಿಸಿದ್ದು, ಏಕೆಂದರೆ ಕೀನ್‌ಗೆ ಚಾರಿತ್ರಿಕ ಖಚಿತತೆಯ ಹುಚ್ಚು. ಮೊದಲ ರಾತ್ರಿಯೇ ಗಾಡಿಯ ಹಿಡಿಗೆ ಕಾಲು ತೊಡರಿ ಅವಳು ಅಂಗಾತ ಬಿದ್ದಳು, ಜನ ನಕ್ಕರು. ಆದರೂ 102 ಪ್ರದರ್ಶನಗಳಲ್ಲಿ ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ.

ಕೀನ್ ಕಂಪನಿಯ ತರಬೇತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಳಗ್ಗೆ ಹತ್ತಕ್ಕೆ ತಾಲೀಮು ಶುರುವಾದರೆ ಸಂಜೆ ನಾಲ್ಕೈದರ ತನಕ. ರಾತ್ರಿ ಮತ್ತೆ ಆಟ. ಮಕ್ಕಳು ಸಿಕ್ಕಲ್ಲೇ ನಿದ್ದೆ ಹೋಗುತ್ತಿದ್ದರು. ಆಸ್ಕರ್ ಬರ್ನ್ ಎಂಬ ನೃತ್ಯದ ಮೇಷ್ಟ್ರು ಮೊದಲು ನಡೆಯುವುದನ್ನು ಕಲಿಸುತ್ತಿದ್ದ. ನೆಲದ ಹಲಗೆಯ ಗೆರೆ ಹಿಡಿದು ನೇರ ನಡೆಯಬೇಕು, ಮೊದಲು ನಿಧಾನ, ಆಮೇಲೆ ಬೇಗ, ಇನ್ನೂ ಬೇಗ, ಹೆಜ್ಜೆ ಮಾತ್ರ ಗೆರೆ ಬಿಡಬಾರದು. ಅದಾದ ಮೇಲೆ ಕಂಬಳಿಯ ಪಾಠ. ಫ್ಲಾನೆಲ್ ಕಂಬಳಿಯನ್ನು ಮುಂದುಗಡೆಗೆ ಪಿನ್ ಮಾಡಿ, ಆರು ಇಂಚು ನೆಲಕ್ಕೆ ಎಳೆಯುವಂತೆ ಬಿಟ್ಟು ನಡೆಸುತ್ತಿದ್ದರು. ಉದ್ದನೆಯ ನಿಲುವಂಗಿ ಹಿಂದೆ ಎಳೆದುಕೊಂಡು ನಡೆಯುವುದು ಸುಲಭ. ಮುಂದೆ ಎಳೆಯುವ ಬಟ್ಟೆಯಲ್ಲಿ ಕಾಲನ್ನು ಎತ್ತಿ ಇಟ್ಟರೆ ಅಂಚನ್ನು ತುಳಿಯುತ್ತೀರಿ, ಮುಗ್ಗರಿಸುತ್ತೀರಿ. ಪಾದವನ್ನು ನೆಲಕ್ಕೆ ಸವರಿದಂತೆ ಮುಂದಕ್ಕೆ ತಳ್ಳಿದರೆ ಬಟ್ಟೆ ತಾನೇ ದಾರಿ ಬಿಡುತ್ತದೆ. ಟೆರಿ ತೇಲುವಂತೆ ನಡೆಯುತ್ತಾಳೆ ಎಂದು ಮುಂದೆ ಐವತ್ತು ವರ್ಷ ಎಲ್ಲರೂ ಬರೆದರಲ್ಲ, ಆ ನಡಿಗೆಯ ಬುಡ ಈ ಕಂಬಳಿ. ಉಚ್ಚಾರಣೆ ಶ್ರೀಮತಿ ಕೀನ್ ಪಾಲಿನದು. ಐದು ಸ್ವರಗಳು ಐದಾಗಿಯೇ ಕೇಳಬೇಕು, ಎಲ್ಲ ಕಲಸಿ ಪುಡಿಂಗ್ ಮಾಡಬೇಡ ಎಂದು ಆಕೆ ಗದರುತ್ತಿದ್ದಳು. ಮೈಕ್ ಇಲ್ಲದ ಕಾಲದಲ್ಲಿ ಇದು ಬರೀ ಶಿಷ್ಟಾಚಾರದ ಮಾತಲ್ಲ. ಕೊನೆಯ ಸಾಲಿನ ತನಕ ಹೋಗುವುದು ಸ್ವರ. ಅದು ಕಲಸಿಹೋದರೆ ಗ್ಯಾಲರಿಯವರಿಗೆ ಕೇಳುವುದು ಗದ್ದಲ ಮಾತ್ರ.

ಅದೇ ವರ್ಷ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ತುಂಟ ಕಿನ್ನರ ಪಕ್ ಪಾತ್ರ. ಕೊನೆಯ ಮಾತಿಗೆ ಪಕ್ ರಂಗದ ನೆಲದಲ್ಲಿರುವ ಟ್ರ್ಯಾಪ್ ಬಾಗಿಲಿನಿಂದ ಮೇಲೆ ಬರಬೇಕು. ಕೆಳಗೆ ಒಬ್ಬ ಆಳು ಅದನ್ನು ತೆರೆದು ಮುಚ್ಚುತ್ತಾನೆ, ಅವನಿಗೆ ಮೇಲಿನದು ಕಾಣುವುದಿಲ್ಲ, ನೆಲಕ್ಕೆ ಕಾಲು ಬಡಿದರೆ ಅದೇ ಸನ್ನೆ. ಒಂದು ರಾತ್ರಿ ಅವನು ಒಂದು ಕ್ಷಣ ಮೊದಲೇ ಮುಚ್ಚಿಬಿಟ್ಟ, ಹುಡುಗಿಯ ಕಾಲ್ಬೆರಳು ಸಿಕ್ಕಿಕೊಂಡಿತು. ಆ ದಿನ ಕಿನ್ನರರ ರಾಣಿ ಟೈಟಾನಿಯಾ ಆಗಿದ್ದ ಅಕ್ಕ ಕೇಟ್ ಓಡಿಬಂದು ತೆಗೆಯಲೆಂದು ನೆಲಕ್ಕೆ ಬಡಿದಳು. ಕೆಳಗಿದ್ದವನು ಸರಿಯಾಗಿ ಮುಚ್ಚಿಲ್ಲವೇನೋ ಅಂದುಕೊಂಡು ಇನ್ನೂ ಬಿಗಿ ಮಾಡಿದ. ತೆರೆ, ಮುಚ್ಚು ಎರಡಕ್ಕೂ ಒಂದೇ ಸನ್ನೆ ಇಟ್ಟರೆ ಆಗುವುದೇ ಇದು. ಕೊನೆಗೆ ಶ್ರೀಮತಿ ಕೀನ್ ಬಂದು ಬಿಡಿಸಿ, ನಾಟಕ ಮುಗಿಸಿಬಿಡು, ಸಂಬಳ ಎರಡರಷ್ಟು ಮಾಡುತ್ತೇನೆ ಎಂದು ಕಿವಿಯಲ್ಲಿ ಹೇಳಿದಳು. ಮುರಿದ ಬೆರಳಲ್ಲಿ ಅಳುತ್ತಲೇ ಮಾತು ಮುಗಿಯಿತು. ಮಾತಿನಂತೆ ಸಂಬಳವೂ ಏರಿ ವಾರಕ್ಕೆ 15 ಶಿಲ್ಲಿಂಗ್ ಇದ್ದದ್ದು 30 ಆಯಿತು.

ಮುಂದೆ ಬ್ರಿಸ್ಟಲ್. ಅಲ್ಲಿನ ಕಂಪನಿಯಲ್ಲಿ ಆಕೆ ಬಗೆಬಗೆಯ ಚಿಕ್ಕಪುಟ್ಟ ಪಾತ್ರ ಮಾಡಿದಳು, ಅದಕ್ಕಿಂತ ಮುಖ್ಯವಾಗಿ ವಾಸ್ತುಶಿಲ್ಪಿ ಎಡ್ವರ್ಡ್ ವಿಲಿಯಂ ಗಾಡ್ವಿನ್ ಪರಿಚಯವಾದ. 1863ರಲ್ಲಿ ಬಾತ್ ನಗರದ ಹೊಸ ರಂಗಮಂದಿರಕ್ಕೆ ಟೈಟಾನಿಯಾ ಪಾತ್ರ ಒದಗಿದಾಗ ಉಡುಪು ರೂಪಿಸಿದವನು ಅವನೇ, ಹೊಲಿದದ್ದೂ ಅವನ ಮನೆಯಲ್ಲೇ. ಬಟ್ಟೆಯನ್ನು ನೀರಿನಲ್ಲಿ ನೆನೆಸು, ಒದ್ದೆಯಿರುವಾಗಲೇ ಹಗ್ಗದ ಹಾಗೆ ಹಿಂಡಿ ತಿರುಚು, ಪೂರ್ವದೇಶದವರು ಮಾಡುವಂತೆ ದಾರದಿಂದ ಬಿಗಿಯಾಗಿ ಕಟ್ಟು, ಹಾಗೆಯೇ ಒಣಗಲು ಬಿಡು ಎಂದು ಹೇಳಿಕೊಟ್ಟ. ಬಿಚ್ಚಿದಾಗ ಬಟ್ಟೆ ತುಂಬ ಸಣ್ಣ ಸಣ್ಣ ನಿರಿಗೆ, ಮೈಗೆ ಅಂಟಿದಂತೆ ಇಳಿಬೀಳುತ್ತದೆ. ಅಂದಿನ ಫ್ಯಾಷನ್ ಏನಿತ್ತು ಎಂದು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಹೆಂಗಸರೆಲ್ಲ ಕ್ರಿನೊಲಿನ್ ಎಂಬ ಬಳೆಗೂಡಿನ ಮೇಲೆ ಲಂಗ ಹರಡಿಕೊಂಡು ತಿರುಗುತ್ತಿದ್ದ ದಿನಗಳು ಅವು. ಶೇಕ್ಸ್‌ಪಿಯರ್ ನಾಯಕಿಯರೂ ಅದೇ ಗೂಡಿನೊಳಗಿಂದ ಮಾತಾಡುತ್ತಿದ್ದರು. ಹದಿನಾರರ ಹುಡುಗಿಗೆ ಮೊದಲ ಸಲ ತನ್ನ ಮೈಯ ಚಲನೆ ಬಟ್ಟೆಯ ಮೂಲಕ ಕಾಣುತ್ತದೆ ಎಂದು ಗೊತ್ತಾದದ್ದು ಇಲ್ಲಿ.

ಅವಳ ಖಾಸಗಿ ಬದುಕಿನ ಮೇಲೆ ಬೇಕಾದಷ್ಟು ಬರೆದಿದ್ದಾರೆ, ಇಲ್ಲಿ ಬೇಗ ಮುಗಿಸುತ್ತೇನೆ. 1864ರ ಫೆಬ್ರವರಿ 20ರಂದು, ಹದಿನೇಳು ತುಂಬುವ ಒಂದು ವಾರ ಮುಂಚೆ, 46ರ ಚಿತ್ರಕಾರ ಜಿ. ಎಫ್. ವಾಟ್ಸ್ ಜೊತೆ ಮದುವೆ. ವರ್ಷ ತುಂಬುವ ಮೊದಲೇ ಮುರಿಯಿತು. ಅದರಿಂದ ಉಳಿದದ್ದು ವಾಟ್ಸ್ ಬರೆದ ಕೆಲವು ಚಿತ್ರಗಳು, ಮತ್ತು ವೈಟ್ ದ್ವೀಪದಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ತೆಗೆದ ಫೋಟೋ. ಈ ಕ್ಯಾಮೆರಾನ್ ಕಲ್ಕತ್ತೆಯಲ್ಲಿ ಹುಟ್ಟಿದವಳು. 1868ರಲ್ಲಿ ಟೆರಿ ಯಾರಿಗೂ ಹೇಳದೆ ಗಾಡ್ವಿನ್ ಜೊತೆ ಹಾರ್ಪೆಂಡನ್ ಹಳ್ಳಿಗೆ ಹೊರಟುಹೋದಳು. ಮದುವೆಯಿಲ್ಲದ ಸಂಸಾರ. 1869ರಲ್ಲಿ ಎಡಿತ್, 1872ರಲ್ಲಿ ಎಡ್ವರ್ಡ್ ಹುಟ್ಟಿದರು. ಈ ಎಡ್ವರ್ಡನೇ ಮುಂದೆ ರಂಗಸಜ್ಜಿಕೆಯ ಲೋಕವನ್ನೇ ತಿರುವಿಹಾಕಿದ ಗಾರ್ಡನ್ ಕ್ರೇಗ್, ನಮ್ಮ ರಂಗಶಿಕ್ಷಣದವರಿಗೆ ಹೊಸ ಹೆಸರೇನಲ್ಲ. ಆರು ವರ್ಷ ಆಕೆ ರಂಗದಿಂದ ಪೂರ್ತಿ ದೂರ. ವೃತ್ತಿಯ ದೃಷ್ಟಿಯಿಂದ ಇದು ನಷ್ಟ ಎನ್ನುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಬಣ್ಣ, ನೂಲು, ಹಳೆಯ ಕಾಲದ ಉಡುಪಿನ ಕಟ್ಟು, ಇದೆಲ್ಲ ಅವಳಿಗೆ ಕರತಲಾಮಲಕವಾದದ್ದು ಈ ವರ್ಷಗಳಲ್ಲೇ. ರಂಗಭೂಮಿಯಲ್ಲಿ ಅಂಥ ಪಾಠ ಹೇಳುವವರು ಯಾರೂ ಇರಲಿಲ್ಲ.

ಮರಳಿ ಬಂದದ್ದಕ್ಕೆ ಕಾರಣ ಸಾಲ, ಬೇರೇನಲ್ಲ. ಮನೆಗೆ ಜಪ್ತಿಯವರು ಬಂದಿದ್ದ ದಿನಗಳು. ಹಳ್ಳಿಯ ಓಣಿಯಲ್ಲಿ ಅವಳ ಗಾಡಿಯ ಚಕ್ರ ಕಳಚಿ ನಿಂತಿದ್ದಾಗ, ಬೇಟೆಗೆಂದು ಬಂದಿದ್ದ ಕಾದಂಬರಿಕಾರ ಹಾಗೂ ನಾಟಕ ಕಂಪನಿಯ ಯಜಮಾನ ಚಾರ್ಲ್ಸ್ ರೀಡ್ ಎದುರಾದ. ರಂಗಕ್ಕೆ ವಾಪಸ್ ಬಾ ಎಂದ. ವಾರಕ್ಕೆ 40 ಪೌಂಡ್ ಕೊಡುವವರಿದ್ದರೆ ಬರುತ್ತೇನೆ ಎಂದಳು. ಅವನು ಅಲ್ಲೇ ಒಪ್ಪಿದ. 1874ರ ಫೆಬ್ರವರಿಯಲ್ಲಿ ಮರುಪ್ರವೇಶ. ರೀಡ್ ಅವಳಿಗೆ ವೇಗ ಕಲಿಸಿದ. ಅಂದರೆ ಗಡಿಬಿಡಿಯಿಂದ ಮಾತು ಉದುರಿಸುವುದಲ್ಲ. ಎದುರಿನ ಪಾತ್ರ ಮಾತು ಮುಗಿಸುವ ಹೊತ್ತಿಗೆ ನಿನ್ನ ಯೋಚನೆ ಆಗಲೇ ಮುಂದೆ ಹೋಗಿರಬೇಕು, ಆಗ ಮಾತು ನಿಧಾನವಾಗಿದ್ದರೂ ದೃಶ್ಯ ನಿಲ್ಲುವುದಿಲ್ಲ. ಹಾಸ್ಯ ನಾಟಕದಲ್ಲಿ ಪ್ರತಿ ಸಾಲಿಗೂ ಅಲಂಕಾರ ಮಾಡುತ್ತ ಕೂತರೆ ನಾಟಕ ಸಾಯುತ್ತದೆ ಎಂಬುದು ಆಕೆ ಕೊನೆಯ ತನಕ ಬಿಡದ ನಂಬಿಕೆ.

1875ರ ಏಪ್ರಿಲ್‌ನಲ್ಲಿ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ಪೋರ್ಷಿಯಾ. ರಂಗಸಜ್ಜಿಕೆ, ಉಡುಪು ಗಾಡ್ವಿನ್ ಸಲಹೆಯಂತೆ ಆದವು. ಬಾದಾಮಿ ಹೂವಿನ ಬಣ್ಣದ ಉಡುಪಿನಲ್ಲಿ ಆಕೆ ಬಂದಾಗ ಚಿತ್ರಕಾರರೆಲ್ಲ ಹುಚ್ಚಾದರು. ಆದರೆ ನಾಟಕ ಕೆಲವೇ ವಾರದಲ್ಲಿ ನಿಂತಿತು, ಏಕೆಂದರೆ ಶೈಲಾಕ್ ಮಾಡಿದ ಚಾರ್ಲ್ಸ್ ಕಾಗ್ಲನ್ ಪಾತ್ರವನ್ನು ಎಷ್ಟು ತಗ್ಗಿಸಿದನೆಂದರೆ ನ್ಯಾಯಾಲಯದ ದೃಶ್ಯದಲ್ಲಿ ಪೋರ್ಷಿಯಾಗೆ ಎದುರಾಳಿಯೇ ಇರಲಿಲ್ಲ. ಒಬ್ಬರ ಗೆಲುವಿನಿಂದ ನಾಟಕ ಗೆಲ್ಲುವುದಿಲ್ಲ.

1878ರಲ್ಲಿ ನಟ ಹೆನ್ರಿ ಇರ್ವಿಂಗ್ ಲಂಡನ್ನಿನ ಲೈಸಿಯಂ ಥಿಯೇಟರನ್ನು ತನ್ನ ಕೈಗೆ ತೆಗೆದುಕೊಂಡಾಗ ನಾಯಕಿಯಾಗಿ ಟೆರಿಯನ್ನು ಕರೆದ. ವ್ಯವಹಾರ ನೋಡಿಕೊಳ್ಳಲು ಬಂದವನು ಬ್ರಾಮ್ ಸ್ಟೋಕರ್, ಮುಂದೆ ಡ್ರ್ಯಾಕುಲಾ ಬರೆದವನೇ. ಡಿಸೆಂಬರ್ 30ರಂದು 'ಹ್ಯಾಮ್ಲೆಟ್', ಇರ್ವಿಂಗನೇ ಹ್ಯಾಮ್ಲೆಟ್. ಹುಚ್ಚು ಹಿಡಿಯುವ ನಾಯಕಿ ಒಫೀಲಿಯಾ ಪಾತ್ರಕ್ಕೆ ಟೆರಿ ಮಾಡಿದ ಸಿದ್ಧತೆ ಅಭ್ಯಾಸ ಮಾಡತಕ್ಕದ್ದು. ಮೊದಲು ಒಂದು ಮಾನಸಿಕ ಆಸ್ಪತ್ರೆಗೆ ಹೋದಳು. ಅಲ್ಲಿ ಹೆಚ್ಚಿನವರು ಅವಳ ಕಣ್ಣಿಗೆ ಅತಿಯಾಗಿ ನಾಟಕೀಯವಾಗಿ ಕಂಡರು, ಉಪಯೋಗವಿಲ್ಲವೆಂದು ಹೊರಡುತ್ತಿದ್ದಾಗ ಗೋಡೆ ನೋಡುತ್ತ ನಿಂತ ಒಬ್ಬ ಹುಡುಗಿ ಕಾಣಿಸಿದಳು. ಮುಖ ನೋಡಲೆಂದು ಅವಳಿಗೂ ಗೋಡೆಗೂ ನಡುವೆ ನಿಂತಳು ಟೆರಿ. ಮುಖದಲ್ಲಿ ಏನೂ ಇಲ್ಲ, ಆದರೆ ಇಡೀ ಮೈ ಯಾರಿಗೋ ಕಾಯುತ್ತಿದೆ. ಆಮೇಲೆ ಇದ್ದಕ್ಕಿದ್ದಂತೆ ಆ ಹುಡುಗಿ ಕೈ ಮೇಲೆತ್ತಿ ಕೋಣೆಯ ಆ ತುದಿಗೆ ಓಡಿದಳು. ಖಾಲಿ ಮುಖ, ಕಾಯುವ ಮೈ, ಎಣಿಸದ ಹೊತ್ತಿನಲ್ಲಿ ಓಟ. ಹುಚ್ಚಿನ ದೃಶ್ಯಕ್ಕೆ ಬೇಕಾದದ್ದು ಅಷ್ಟೇ.

ಉಡುಪಿನ ಜಗಳವೂ ಚೆನ್ನಾಗಿದೆ. ಮೊದಲ ದೃಶ್ಯಕ್ಕೆ ಗುಲಾಬಿ, ಎರಡನೆಯದಕ್ಕೆ ತಿಳಿ ಜೇನು ಬಣ್ಣ, ಹುಚ್ಚಿನ ದೃಶ್ಯಕ್ಕೆ ಕಪ್ಪು ಎಂದು ಅವಳು ನಿರ್ಧರಿಸಿ ಹೊಲಿಸಿಯೂ ಆಗಿತ್ತು. ಒಫೀಲಿಯಾಳ ಅಪ್ಪ ಸತ್ತಿದ್ದಾನೆ, ಕಪ್ಪು ಸಹಜ ತಾನೇ. ಇರ್ವಿಂಗ್ ಏನೂ ಹೇಳದೆ ಹಳೆಯ ನಟ ವಾಲ್ಟರ್ ಲೇಸಿಯನ್ನು ಕರೆಸಿದ. ಲೇಸಿ ಗಾಬರಿ ಬಿದ್ದ: ಈ ನಾಟಕದಲ್ಲಿ ಕಪ್ಪು ಆಕೃತಿ ಒಂದೇ ಇರಬೇಕು, ಅದು ಹ್ಯಾಮ್ಲೆಟ್! ಟೆರಿಗೆ ತಕ್ಷಣ ಅರ್ಥವಾಯಿತು, ವಾದ ಮಾಡಲಿಲ್ಲ. ಕಪ್ಪು ಉಡುಪಿಗೆ ಬಳಸಿದ್ದು ದುಬಾರಿ ಕ್ರೇಪ್ ಡಿ ಶೀನ್ ರೇಷ್ಮೆ, ಅಂಚಿಗೆ ಬೆಲೆಬಾಳುವ ತುಪ್ಪಳ. ಅದರ ಬದಲು ಅವಸರದಲ್ಲಿ ಮಾಡಿಸಿದ ಬಿಳಿ ಉಡುಪಿಗೆ ಹಾಸಿಗೆಯ ಹೊದಿಕೆಗೆ ಬಳಸುವ ದಪ್ಪ ಹತ್ತಿ ಬಟ್ಟೆ, ಮೊಲದ ತುಪ್ಪಳ. ರಂಗದ ಮೇಲೆ ಇದೇ ಹೆಚ್ಚು ಚೆನ್ನಾಗಿ ಕಂಡಿತು ಅನ್ನುತ್ತಾಳೆ. ಆಶ್ಚರ್ಯವೇನಿಲ್ಲ. ತೆಳು ರೇಷ್ಮೆಯ ಸೂಕ್ಷ್ಮ ಹತ್ತು ಸಾಲು ದಾಟುವುದಿಲ್ಲ. ದಪ್ಪ ಹತ್ತಿಯ ಮಡಿಕೆಗೆ ನೆರಳು ಬೀಳುತ್ತದೆ, ಆ ನೆರಳು ಹಿಂದಿನ ಸಾಲಿಗೂ ಕಾಣುತ್ತದೆ. ಹವ್ಯಾಸಿ ತಂಡಗಳ ಉಡುಪಿನವರು ಈಗಲೂ ಅಂಗಡಿಯ ದೀಪದ ಕೆಳಗೆ ಸೆರಗು ಸವರಿ ನೋಡಿ ಬಟ್ಟೆ ಆರಿಸುತ್ತಾರೆ. ಮೂವತ್ತು ಅಡಿ ದೂರಕ್ಕೆ ಹಿಡಿಸಿ ನೋಡುವುದು ಸರಿಯಾದ ಕ್ರಮ.

ಒಂದು ಕೊರತೆ ಉಳಿಯಿತು. ಇರ್ವಿಂಗ್ ಉಳಿದವರೆಲ್ಲರ ದೃಶ್ಯಗಳನ್ನು ತಿದ್ದಿ ತೀಡಿದ, ಒಫೀಲಿಯಾ ಜೊತೆಗಿನ ತನ್ನ ದೃಶ್ಯಗಳ ತಾಲೀಮನ್ನು ಮಾತ್ರ ಮುಂದೂಡುತ್ತಲೇ ಹೋದ. ಹತ್ತು ದಿನ ಉಳಿದಾಗ ಅವಳು ಕೇಳಿಯೇ ಬಿಟ್ಟಳು. ನಾವಿಬ್ಬರೂ ಸರಿಹೋಗುತ್ತೇವೆ, ಒಬ್ಬ ಗ್ಯಾಸ್ ದೀಪದವನಿಂದಲೋ ಪಿಟೀಲಿನವನಿಂದಲೋ ಆಟ ಕೆಡಬಾರದು ಎಂಬುದು ಅವನ ಉತ್ತರ. ಯಜಮಾನನಾಗಿ ಅವನ ಮಾತು ಸರಿ, ಜೊತೆನಟನಾಗಿ ತಪ್ಪು. ಮೊದಲ ರಾತ್ರಿ ಸೋತೆ ಎಂದುಕೊಂಡು ಟೆರಿ ನಾಟಕ ಮುಗಿಯುವ ಮೊದಲೇ ಹೊರಬಿದ್ದು ಥೇಮ್ಸ್ ದಂಡೆಯ ರಸ್ತೆಯಲ್ಲಿ ಗಾಡಿ ಸುತ್ತಿಸಿದಳು. ಅವಳು ಗೆದ್ದಿದ್ದಳು ಎಂದು ಆಮೇಲೆ ತಿಳಿಯಿತು.

ಲೈಸಿಯಂ ಕಾಲ 1902ರ ತನಕ, 24 ವರ್ಷ. 1879ರಲ್ಲಿ ಶುರುವಾದ 'ಮರ್ಚೆಂಟ್' 250 ರಾತ್ರಿ ಓಡಿತು. 1882ರ 'ಮಚ್ ಅಡೂ ಅಬೌಟ್ ನಥಿಂಗ್' 212 ರಾತ್ರಿ. ಬಿಯಾಟ್ರಿಸ್ ಆಕೆಯ ಅತ್ಯುತ್ತಮ ಪಾತ್ರ ಎಂಬ ಮಾತಿಗೆ ನನ್ನ ಪೂರ್ತಿ ಸಹಮತವಿದೆ, ಅದರೊಳಗೆ ಒಂದು ಸೋಲಿದ್ದರೂ. ಚರ್ಚಿನ ದೃಶ್ಯದ ಕೊನೆಗೆ ಶೇಕ್ಸ್‌ಪಿಯರ್ ಬರೆಯದ ಒಂದೆರಡು ಚಪ್ಪಾಳೆಯ ಸಾಲು ಸೇರಿಸುವುದು ಹಳೆಯ ರೂಢಿ, ಇರ್ವಿಂಗ್‌ಗೂ ಅದು ಬೇಕಿತ್ತು. ಟೆರಿ ಹೇಳುವುದಿಲ್ಲವೆಂದಳು, ಅತ್ತಳು, ಕೊನೆಗೆ ಮಣಿದಳು. ವೇಗದ ವಿಷಯದಲ್ಲೂ ಹಾಗೆಯೇ. 1880ರಲ್ಲಿ ಲೀಡ್ಸ್‌ನಲ್ಲಿ ಎರಡನೆಯ ಗಂಡ, ನಟ ಚಾರ್ಲ್ಸ್ ಕೆಲಿ ಎದುರು ಇದೇ ಪಾತ್ರ ಮಾಡಿದಾಗ ಮಾತು ಚಕಮಕಿಯಂತೆ ಹಾರುತ್ತಿತ್ತು. ಇರ್ವಿಂಗ್ ಒಂದೊಂದು ಸಾಲನ್ನೂ ಅಳೆದು ತೂಗಿ ಬಿಡುವವನು, ಹಾಗಾಗಿ ಅವಳೂ ಕಾಲೆಳೆದು ನಡೆಯಬೇಕಾಯಿತು. 'ಆಸ್ ಯು ಲೈಕ್ ಇಟ್' ನಾಟಕದ ರೊಸಲಿಂಡ್ ಅವಳಿಗೆಂದೇ ಬರೆದಂತಿದ್ದರೂ ಲೈಸಿಯಂನಲ್ಲಿ ಅದು ಆಗಲೇ ಇಲ್ಲ, ಏಕೆಂದರೆ ಅದರಲ್ಲಿ ಇರ್ವಿಂಗ್‌ಗೆ ತಕ್ಕ ಪಾತ್ರವಿಲ್ಲ. ಯಜಮಾನನೇ ಹೀರೋ ಆದ ಕಂಪನಿಗಳ ಹಣೆಬರಹವೇ ಇದು. ನಮ್ಮ ವೃತ್ತಿ ಕಂಪನಿಗಳ ಚರಿತ್ರೆ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಳಕಿನ ವಿಷಯದಲ್ಲಿ ಮಾತ್ರ ಅವಳ ಮಾತು ನಡೆಯಿತು. ಲೈಸಿಯಂನಲ್ಲಿ ರಂಗದ ಅಂಚಿಗೆ ಗ್ಯಾಸ್ ಫುಟ್‌ಲೈಟ್, ಜೊತೆಗೆ ಲೈಮ್‌ಲೈಟ್. ಲೈಮ್‌ಲೈಟ್ ಎಂದರೆ ಸುಟ್ಟ ಸುಣ್ಣದ ಒಂದು ಉರುಳೆಗೆ ಆಮ್ಲಜನಕ ಮತ್ತು ಜಲಜನಕದ ಉರಿ ಹಾಯಿಸುವುದು. ಸುಣ್ಣ ಬಿಳಿಯಾಗಿ ಬೆಳಗುತ್ತದೆ. ಉರಿ ತಾಗಿದ ಕಡೆ ಗುಳಿ ಬೀಳುವುದರಿಂದ ಉರುಳೆಯನ್ನು ಆಗಾಗ ತಿರುಗಿಸುತ್ತಿರಬೇಕು, ಹಾಗಾಗಿ ಪ್ರತಿ ದೀಪಕ್ಕೂ ಒಬ್ಬ ಆಳು. ಇರ್ವಿಂಗ್ ತಂಡ ಹೊರಗೆ ಹೋಗಿದ್ದಾಗ ಬೇರೆ ಕಂಪನಿಯವರು ಅಲ್ಲಿ ವಿದ್ಯುತ್ ದೀಪ ಹಾಕಿಸಿದ್ದರು. ಟೆರಿ ವಾಪಸ್ ಬಂದು ಆ ಬೆಳಕಿನಲ್ಲಿ ನಟರ ಮುಖ ನೋಡಿ, ಗ್ಯಾಸನ್ನೇ ಮತ್ತೆ ಹಾಕಿಸು ಎಂದು ಇರ್ವಿಂಗ್‌ನ ಬೆನ್ನುಬಿದ್ದಳು. ಹಾಕಿಸಿದ. ಲೈಸಿಯಂ ಬಿಡುವ ತನಕ ಅವರು ಗ್ಯಾಸಿನಲ್ಲೇ ಆಡಿದರು. ಗ್ಯಾಸಿನ ಬೆಳಕಿಗೆ ಒಂದು ದಪ್ಪನೆಯ ಮೃದುತ್ವವಿದೆ, ಅದರಲ್ಲಿ ತೇಲುವ ಕಣಗಳಿವೆ ಎಂಬುದು ಅವಳ ವಾದ.

ಇಷ್ಟೂ ತಿಳುವಳಿಕೆ ಒಟ್ಟಿಗೆ ಕೆಲಸ ಮಾಡಿದ್ದು 1888ರ ಡಿಸೆಂಬರ್ 29ರಂದು ತೆರೆಕಂಡ 'ಮ್ಯಾಕ್‌ಬೆತ್' ನಾಟಕದ ಲೇಡಿ ಮ್ಯಾಕ್‌ಬೆತ್ ಉಡುಪಿನಲ್ಲಿ. ರೂಪಿಸಿದವಳು ಆಲಿಸ್ ಕಾಮಿನ್ಸ್ ಕಾರ್, ಹೊಲಿದವಳು ಅಡಾ ನೆಟಲ್‌ಶಿಪ್. ಕಾರ್‌ಗೆ ಬೇಕಿದ್ದದ್ದು ಮೈಗಂಟುವ ಕಬ್ಬಿಣದ ಕವಚದಂತೆ, ಹಾವಿನ ಪೊರೆಯಂತೆ ಕಾಣುವ ಬಟ್ಟೆ. ಇಂಗ್ಲೆಂಡಿನ ಅಂಗಡಿಗಳಲ್ಲಿ ಅಂಥದ್ದು ಸಿಗಲಿಲ್ಲ. ಬೊಹೀಮಿಯಾದಿಂದ ಬಂದ ನೂಲು ಸಿಕ್ಕಿತು, ಮೆತ್ತಗಿನ ಹಸಿರು ರೇಷ್ಮೆಗೆ ನೀಲಿ ಜರಿಯ ಎಳೆ ಹೊಸೆದದ್ದು. ಅದನ್ನು ಕ್ರೋಶಾ ಕಡ್ಡಿಯಲ್ಲಿ ಹೆಣೆದರು. ಕ್ರೋಶಾ ಏಕೆಂದರೆ ನೇಯ್ದ ಬಟ್ಟೆ ತನ್ನ ಆಕಾರ ತಾನು ಹಿಡಿದುಕೊಳ್ಳುತ್ತದೆ, ಹೆಣೆದದ್ದು ತನ್ನ ಭಾರಕ್ಕೆ ತಾನೇ ಇಳಿದು ಮೈಯ ಆಕಾರ ಹಿಡಿಯುತ್ತದೆ. ಇಳಿಬೀಳುವುದೇನೋ ಚೆನ್ನಾಗಿ ಇಳಿಬಿತ್ತು. ಆದರೆ ಫುಟ್‌ಲೈಟಿನ ಆಚೆಗೆ ಹೊಳಪು ಸಾಲದು. ಗ್ಯಾಸಿನ ಬೆಳಕು ಹಳದಿ, ಅದರಲ್ಲಿ ನೀಲಿಯ ಪಾಲು ಕಡಿಮೆ, ನೀಲಿ ಜರಿ ಅಲ್ಲಿ ಮಂಕಾದರೆ ತಪ್ಪು ನೂಲಿನದಲ್ಲ ಎಂದು ನನಗನ್ನಿಸುತ್ತದೆ. ಆಗ ಕಾರ್‌ಗೆ ನೆನಪಾದದ್ದು ಲೇಡಿ ರಾಂಡಾಲ್ಫ್ ಚರ್ಚಿಲ್ ಧರಿಸಿದ್ದ, ಹಸಿರು ದುಂಬಿ ರೆಕ್ಕೆಗಳನ್ನು ಹೊಲಿದ ಒಂದು ಉಡುಪು. ಸರಿ, ಸುಮಾರು ಒಂದು ಸಾವಿರ ರೆಕ್ಕೆ ತರಿಸಿ ಇಡೀ ಉಡುಪಿನ ಮೇಲೆ ಒಂದೊಂದಾಗಿ ಹೊಲಿದರು.

ಇವು ಹಾರುವ ತೆಳು ರೆಕ್ಕೆಗಳಲ್ಲ, ಅವುಗಳ ಮೇಲಿರುವ ಗಟ್ಟಿ ಕವಚ. ನಮ್ಮಲ್ಲಿ ಮಕ್ಕಳು ಜಾಲಿ ಮರದಿಂದ ಹಿಡಿದು ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದ ಜೀರ್ಜಿಂಬೆಯ ಜಾತಿಯವು. ಆ ಕಾಲಕ್ಕೆ ಭಾರತ, ಬರ್ಮಾ ಕಡೆಯಿಂದ ಇಂಥ ಕವಚಗಳು ಲಂಡನ್ನಿಗೆ ಹೋಗುತ್ತಿದ್ದವು. ಮದರಾಸು, ಹೈದರಾಬಾದುಗಳ ಕಸೂತಿಗಾರರು ಮಸ್ಲಿನ್ ಬಟ್ಟೆಯ ಮೇಲೆ ಅವನ್ನೇ ಕೂರಿಸಿ ಯುರೋಪಿಗೆ ಕಳಿಸುತ್ತಿದ್ದರು. ಕೆಲಸದ ಕ್ರಮ ಸರಳ, ತಾಳ್ಮೆ ಮಾತ್ರ ಬೇಕು. ಒಣ ಕವಚಕ್ಕೆ ಸೂಜಿ ಚುಚ್ಚಿದರೆ ಸೀಳುತ್ತದೆ, ಆದ್ದರಿಂದ ಮೊದಲು ಆವಿ ಹಿಡಿಸಿ ಮೆದು ಮಾಡುತ್ತಾರೆ. ಆಮೇಲೆ ತುದಿಗಳಲ್ಲಿ ತೂತು ಚುಚ್ಚಿ, ಬೇಕಾದರೆ ಅಂಚು ಕತ್ತರಿಸಿ, ದಾರದಿಂದ ಬಟ್ಟೆಗೆ ಹಿಡಿಸುತ್ತಾರೆ. ದಾರ ಅತಿ ಬಿಗಿಯಾದರೆ ಮೈ ಬಗ್ಗಿದಾಗ ತೂತಿನ ಬಳಿಯೇ ಮುರಿಯುತ್ತದೆ. ಬಣ್ಣ ಮಾತ್ರ ಎಂದಿಗೂ ಮಾಸುವುದಿಲ್ಲ, ಏಕೆಂದರೆ ಅದು ಬಳಿದ ಬಣ್ಣವಲ್ಲ, ಕವಚದ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವ ಹೊಳಪು. ನಟಿ ತಿರುಗಿದಾಗ ಹಸಿರು, ನೀಲಿ, ತಾಮ್ರದ ಕಡೆಗೆ ಹೊರಳುತ್ತದೆ. ಇದರ ಮೇಲೆ ಬೆಂಕಿ ಬಣ್ಣದ ಜರಿಯಲ್ಲಿ ಕಸೂತಿ ಹಾಕಿದ ಮಖಮಲ್ಲಿನ ಹೊದಿಕೆ, ಮೊಣಕಾಲಿನ ತನಕ ಇಳಿಬಿಟ್ಟ ಎರಡು ಕೆಂಪು ಜಡೆ.

ಪಾತ್ರದ ಓದು ಉಡುಪಿಗೆ ತೀರ ವಿರುದ್ಧವಾಗಿತ್ತು, ಗಮ್ಮತ್ತಿರುವುದೇ ಅಲ್ಲಿ. ನೂರು ವರ್ಷದ ಹಿಂದೆ ನಟಿ ಸಾರಾ ಸಿಡನ್ಸ್ ಹಾಕಿಕೊಟ್ಟ ಭಯಂಕರ ಹೆಣ್ಣಿನ ಮಾದರಿಯನ್ನು ಟೆರಿ ಒಪ್ಪಲಿಲ್ಲ. ಅವಳ ಲೇಡಿ ಮ್ಯಾಕ್‌ಬೆತ್ ಗಂಡನನ್ನು ಪ್ರೀತಿಸುವ, ಅವನಿಗಾಗಿ ಪಾಪಕ್ಕೆ ಇಳಿದು ನರ ಸೋಲುವ ಹೆಂಡತಿ. ಕೊಲೆ ಬಯಲಾದಾಗ ಆಕೆ ಮೂರ್ಛೆ ಬೀಳುತ್ತಾಳಲ್ಲ, ಅದು ನಿಜವೋ ನಟನೆಯೋ ಎಂಬ ಹಳೆಯ ಪ್ರಶ್ನೆಗೆ ಟೆರಿ ತನ್ನ ಪ್ರತಿಯಲ್ಲಿ ಖಚಿತವಾಗಿ ಬರೆದುಕೊಂಡಿದ್ದಾಳೆ: ನಿಜವೇ. ಇಷ್ಟು ಹೊತ್ತು ಬಿಗಿಹಿಡಿದಿದ್ದಳು, ಗಂಡ ತನ್ನ ಕಥೆ ಹೇಳಿ ಪಾರಾದ ಎಂದು ತಿಳಿದ ಕೂಡಲೇ ಸಡಿಲಿ ಬೀಳುತ್ತಾಳೆ. ವಿಮರ್ಶಕರಲ್ಲಿ ಅರ್ಧ ಜನ ಒಪ್ಪಲಿಲ್ಲ. ನಾಟಕ 150 ರಾತ್ರಿ ಓಡಿತು.

ಈ ಉಡುಪಿನಲ್ಲಿ ಟೆರಿಯನ್ನು ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1889ರಲ್ಲಿ ಬರೆದ ಚಿತ್ರ ಇವತ್ತು ಟೇಟ್ ಗ್ಯಾಲರಿಯಲ್ಲಿದೆ. ಅದನ್ನು ನಾಟಕದ ದಾಖಲೆ ಎಂದು ಹಿಡಿಯಬೇಡಿ. ಎರಡೂ ಕೈಯಲ್ಲಿ ಕಿರೀಟ ಎತ್ತಿ ತಲೆಗೆ ಇಟ್ಟುಕೊಳ್ಳುವ ಭಂಗಿ ನಾಟಕದಲ್ಲಿ ಎಲ್ಲೂ ಇಲ್ಲ, ಅದು ಸಾರ್ಜೆಂಟ್ ಕಲ್ಪನೆ. ಅವನ ಸ್ಟುಡಿಯೋದ ಬೆಳಕು ಬೇರೆ, ಲೈಸಿಯಂನ ಹಳದಿ ಮಬ್ಬು ಬೇರೆ. ಉಡುಪನ್ನು ತಿಳಿಯಬೇಕಾದರೆ ಉಡುಪನ್ನೇ ನೋಡಬೇಕು. ಅದು ಕೆಂಟ್ ಪ್ರಾಂತದ ಟೆಂಟರ್‌ಡೆನ್ ಊರಿನ ಹತ್ತಿರ, ಸ್ಮಾಲ್‌ಹೈತ್ ಎಂಬಲ್ಲಿನ ಟೆರಿಯ ಮನೆಯಲ್ಲಿದೆ. ವರ್ಷಗಟ್ಟಲೆ ಆಟ, ಅಮೆರಿಕದ ಪ್ರವಾಸಗಳು, ಹೊಲಿದು ಬಿಚ್ಚಿ ಮತ್ತೆ ಹೊಲಿದ ತೇಪೆಗಳಿಂದ ಅದು ಜೋತುಹೋಗಿತ್ತು. ತನ್ನ ಭಾರಕ್ಕೆ ತಾನೇ ಇಳಿಯುವುದು ಕ್ರೋಶಾದ ಗುಣವೂ ಹೌದು, ಶಾಪವೂ ಹೌದು. ಬ್ರೈಟನ್ನಿನ ಜೆಂಜಿ ಟಿಂಕರ್ ಎಂಬ ವಸ್ತ್ರ ಸಂರಕ್ಷಕಿಯ ತಂಡ 1,300 ಗಂಟೆ ಕೆಲಸ ಮಾಡಿ, ಸುಮಾರು 50,000 ಪೌಂಡ್ ಖರ್ಚಿನಲ್ಲಿ ಅದನ್ನು ಸರಿಪಡಿಸಿ 2011ರಲ್ಲಿ ಮನೆಗೆ ಮರಳಿಸಿತು. ಒಡೆದ ಸುಮಾರು ನೂರು ಕವಚಗಳಿಗೆ ಹಿಂಬದಿಯಿಂದ ಜಪಾನಿ ತೆಳುಕಾಗದದ ಚೂರು ಕೊಟ್ಟು ಗೋಧಿ ಗಂಜಿಯ ಅಂಟಿನಲ್ಲಿ ಕೂರಿಸಿದರು. ಆದರೆ ಹೆಚ್ಚಿನ ಹೊತ್ತು ಹೋದದ್ದು ಕವಚಕ್ಕಲ್ಲ, ಹೆಣಿಗೆಗೆ ಬಲ ಕೊಡುವುದಕ್ಕೆ, ಹಾಗೂ ಹಳೆಯ ಬದಲಾವಣೆಗಳನ್ನು ಪತ್ತೆಹಚ್ಚಿ ತೋಳುಗಳನ್ನೂ ನೆಲಕ್ಕೆ ಹರಡುವ ಅಂಚನ್ನೂ ಮೊದಲಿನ ಆಕಾರಕ್ಕೆ ತರುವುದಕ್ಕೆ.

ಕೊನೆಯ ಭಾಗ ಅಷ್ಟು ಸುಖದ್ದಲ್ಲ. 1902ರ ಜುಲೈನಲ್ಲಿ ಲೈಸಿಯಂ ಮುಗಿಯಿತು. 1903ರಲ್ಲಿ ಆಕೆ ಇಂಪೀರಿಯಲ್ ಥಿಯೇಟರ್ ಹಿಡಿದು ಮಗನಿಗೆ ರಂಗಸಜ್ಜಿಕೆ ಬಿಟ್ಟುಕೊಟ್ಟು ಇಬ್ಸನ್ ನಾಟಕ ಮಾಡಿದಳು. ಕ್ರೇಗ್ ಸಾಧಿಸಿದ್ದು ಅದ್ಭುತ, ಅಮ್ಮ ಕಳೆದದ್ದು ದುಡ್ಡು. ವರ್ಷಗಟ್ಟಲೆ ಪತ್ರ ಬರೆದುಕೊಂಡೂ ಭೇಟಿಯಾಗದೆ ಉಳಿದಿದ್ದ ನಾಟಕಕಾರ ಬರ್ನಾರ್ಡ್ ಷಾ, ಅವಳಿಗೆಂದೇ ಬರೆದಿದ್ದ 'ಕ್ಯಾಪ್ಟನ್ ಬ್ರಾಸ್‌ಬೌಂಡ್ಸ್ ಕನ್ವರ್ಶನ್' ನಾಟಕವನ್ನು 1906ರಲ್ಲಿ ಅವಳಿಂದ ಆಡಿಸಿದ. ಅಷ್ಟರಲ್ಲಿ ಸಂಭಾಷಣೆ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅದೇ ವರ್ಷದ ಜೂನ್ 12ರಂದು ಡ್ರೂರಿ ಲೇನ್ ಥಿಯೇಟರಿನಲ್ಲಿ ರಂಗಜೀವನದ ಐವತ್ತರ ಉತ್ಸವ ನಡೆಯಿತು, ಗಾಯಕ ಕರೂಸೋ ಹಾಡಿದ, ಇಟಲಿಯಿಂದ ನಟಿ ಎಲಿಯೊನೊರಾ ಡೂಸೆ ಬಂದಳು.

ನೆನಪು ಕೈಕೊಟ್ಟಾಗ ಆಕೆ ಹಿಡಿದ ದಾರಿ ಜಾಣತನದ್ದು. 1910ರಿಂದ ಶೇಕ್ಸ್‌ಪಿಯರ್ ಪಾತ್ರಗಳ ಮೇಲೆ ಉಪನ್ಯಾಸ ಕೊಡತೊಡಗಿದಳು, ಅಮೆರಿಕ, ಆಸ್ಟ್ರೇಲಿಯಾ ಸುತ್ತಿದಳು. ಉಪನ್ಯಾಸದಲ್ಲಿ ಕೈಯಲ್ಲಿ ಕಾಗದ ಹಿಡಿದರೆ ಯಾರೂ ತಪ್ಪು ಹೇಳುವುದಿಲ್ಲ, ನಡುವೆ ಪೋರ್ಷಿಯಾ, ಬಿಯಾಟ್ರಿಸ್, ಜೂಲಿಯೆಟ್ ಬೇಕಾದಂತೆ ಬಂದು ಹೋಗಬಹುದು. ಎದುರಿಗೆ ಇರ್ವಿಂಗ್ ಇಲ್ಲದ ಕಾರಣ ವೇಗವೂ ಅವಳದೇ. ಲೈಸಿಯಂನಲ್ಲಿ ಸಿಗದ ರೊಸಲಿಂಡ್‌ಳನ್ನೂ ಅಲ್ಲಿ ಆಡಬಹುದಿತ್ತು. ಕಣ್ಣು ಮಂಜಾಗಿ 1915ರಲ್ಲಿ ನ್ಯೂಯಾರ್ಕಿನಲ್ಲಿ ಪೊರೆ ಶಸ್ತ್ರಚಿಕಿತ್ಸೆ ಆಯಿತು. 1925ರಲ್ಲಿ ಡೇಮ್ ಪದವಿ. 1928ರ ಜುಲೈ 21ರಂದು ಸ್ಮಾಲ್‌ಹೈತ್‌ನಲ್ಲೇ ತೀರಿಕೊಂಡಳು. ಮರುವರ್ಷ ಮಗಳು ಎಡಿತ್ ಆ ಮನೆಯನ್ನು ಮ್ಯೂಸಿಯಂ ಮಾಡಿ, ಪಕ್ಕದ ಕಣಜವನ್ನು ನಾಟಕಶಾಲೆಯಾಗಿಸಿದಳು. ಈಗ ಅದನ್ನು ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ.

ದನಿ ಕೇಳಬೇಕೆನ್ನುವವರಿಗೆ 1911ರಲ್ಲಿ ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗೆ ಆಕೆ ಕೊಟ್ಟ ಧ್ವನಿಮುದ್ರಣಗಳಿವೆ. ಪೋರ್ಷಿಯಾಳ ದಯೆಯ ಮಾತು, ಒಫೀಲಿಯಾಳ ಹುಚ್ಚು, ಜೂಲಿಯೆಟ್ ನಿದ್ದೆಯ ಮದ್ದು ಕುಡಿಯುವ ಮುಂಚಿನ ಮಾತು ಅವುಗಳಲ್ಲಿವೆ. ಕೇಳುವ ಮುನ್ನ ಎರಡು ಸಂಗತಿ ಗೊತ್ತಿರಲಿ. ಆಗ ಮೈಕ್ರೊಫೋನ್ ಇರಲಿಲ್ಲ. ಕಹಳೆಯೊಳಗೆ ಮುಖವಿಟ್ಟು ಮಾತಾಡಬೇಕು, ಪಿಸುಮಾತು ಮೇಣದ ಮೇಲೆ ಗೆರೆಯೇ ಮೂಡಿಸುವುದಿಲ್ಲ, ಕೂಗಿದರೆ ಒಡೆಯುತ್ತದೆ. ಒಂದು ತಟ್ಟೆಗೆ ನಾಲ್ಕು ನಿಮಿಷ ಹಿಡಿಯುವುದೂ ಕಷ್ಟ. ಜೊತೆಗೆ ಅವಳಿಗೆ ಆಗ 63–64. ಹಾಗಾಗಿ ದನಿಯ ಏರಿಳಿತ ಇಲ್ಲಿ ಅಳತೆಗೆ ಸಿಗುವುದಿಲ್ಲ, ಅದನ್ನು ನೋಡಿ ಹಳೆಯ ಕಾಲದ ಬಿಗುವಿನ ನಟನೆ ಎಂದು ತಳ್ಳಿಹಾಕುವುದು ಅನ್ಯಾಯ. ಅದರ ಬದಲು ಮಾತಿನ ನಡುವಿನ ನಿಲುಗಡೆಗಳಿಗೆ ಕಿವಿಗೊಡಿ. ಪೋರ್ಷಿಯಾ ಮಾತಿನಿಂದ ಶುರುಮಾಡಿ, ಕೈಯಲ್ಲಿ ನಾಟಕದ ಪ್ರತಿ ಇಟ್ಟುಕೊಂಡು.